ಏಳನೇ ಅಧ್ಯಾಯದ ಚೀಲದ ಮನುಷ್ಯ

೩ ಫೆಬ್ರವರಿ ೧೯೯೯

ಭಾವ,

ಪುಸ್ತಕ ಕಳಿಸಿ ಎರಡು ತಿಂಗಳಾಯಿತು. ತಲುಪಿದೆ ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ನಿಮ್ಮಿಂದ ಒಂದು ಸಾಲೂ ಇಲ್ಲ. ಮೂವತ್ತೈದು ವರ್ಷ ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದಿದವರಿಗೆ ಭಾಮೈದನ ಆತ್ಮಕಥೆ ಓದುವುದು ಅಷ್ಟು ಕಷ್ಟವೇ?

ಇಲ್ಲಿ ಮಾತ್ರ ಓದುಗರ ಪತ್ರಗಳ ಸುರಿಮಳೆ. ಬೈಂಡಿಂಗ್ ಅಂಗಡಿಯ ಮೇಲಿನ ನನ್ನ ಕೋಣೆಯಲ್ಲಿ ಮೊದಲೇ ಕಾಲಿಡಲು ಜಾಗವಿರಲಿಲ್ಲ, ಈಗ ಮಂಚದ ಅರ್ಧವೂ ಪತ್ರಗಳ ಪಾಲಾಗಿದೆ. ‘ಗೋಡೆಯಾಚೆ ಇನ್ನೊಂದು ಗೋಡೆ’ ಇಷ್ಟು ಜನರನ್ನು ಕೆರಳಿಸುತ್ತದೆ ಎಂದು ನಾನೂ ಎಣಿಸಿರಲಿಲ್ಲ. ಒಬ್ಬ ಹಲ್ಲಿನ ಡಾಕ್ಟರು ಕೇಳುತ್ತಾರೆ: “ಉದ್ದ ಕೂದಲು ಬಿಟ್ಕೊಂಡು, ತಾರಸಿ ಮೇಲೆ ಮಲಗಿ, ಲೋಕವೇ ಸುಳ್ಳು ಅಂತ ಪತ್ರಿಕೆ ಹಂಚೋನನ್ನ ಹಿಂಬಾಲಿಸೋಕೆ ಯಾರಿಗೆ ಸ್ವಾಮಿ ಪುರುಸೊತ್ತಿದೆ?” ಒಬ್ಬ ಹೆಂಗಸು: “ನಿಮ್ಮ ಪುಸ್ತಕ ಓದಿದ್ಮೇಲೆ ನಮ್ಮನೆಯವರನ್ನ ನೋಡೋ ರೀತಿನೇ ಬದಲಾಯ್ತು.” ಇನ್ನೊಬ್ಬ ಕಾರ್ಡಿನ ನಡುಮಧ್ಯೆ ಒಂದೇ ಪದ ಬರೆದಿದ್ದಾನೆ: “ಬೊಗಳೆ.”

ಎಲ್ಲರೂ ಹೊಡೆದಾಡುತ್ತಿರುವುದು ಏಳನೇ ಅಧ್ಯಾಯದ ಮೇಲೆ. ನೀವು ಓದಿಲ್ಲ ಎಂದೇ ಇಟ್ಟುಕೊಂಡು ಹೇಳುತ್ತೇನೆ. ನನಗೆ ಇಪ್ಪತ್ತನಾಲ್ಕು, ಮನೆ ಬಿಟ್ಟು ಗೆಳೆಯರ ಜೊತೆ ತಾರಸಿ ಕೋಣೆಯಲ್ಲಿದ್ದೆ. ಆಗ ಎರಡು ವರ್ಷ ಒಬ್ಬ ಮನುಷ್ಯ ನನ್ನ ಬೆನ್ನು ಹತ್ತಿದ್ದ. ಟೋಪಿ, ಹೆಗಲಿಗೆ ಖಾಕಿ ಚೀಲ, ಕೈಯಲ್ಲೊಂದು ನೋಟ್‌ಬುಕ್ಕು. ಯಾವಾಗಲೂ ಐವತ್ತು ಹೆಜ್ಜೆ ದೂರ, ಮುಖ ಮಾತ್ರ ಒಮ್ಮೆಯೂ ಕಾಣಲಿಲ್ಲ. ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ ಹುಡುಗಿಯೊಬ್ಬಳನ್ನು ನಾನು ಮದುವೆಯಾಗಬೇಕಿತ್ತು. ಒಂದು ಸಂಜೆ ಆ ಚೀಲದವನು ಅವಳ ಗೇಟಿನ ಬಳಿ ನಿಂತಿದ್ದನ್ನು ಕಂಡೆ. ನಾಲ್ಕು ದಿನಕ್ಕೆ ಅವಳು ಊರಲ್ಲೇ ಇರಲಿಲ್ಲ. ಒಂದು ಚೀಟಿಯೂ ಇಲ್ಲ. ಆವತ್ತಿಂದ ಕಣ್ಣಿಗೆ ಕಾಣುವ ಯಾವುದನ್ನೂ ನಾನು ಹಾಗೇ ನಂಬಿದವನಲ್ಲ. ನನ್ನ ಬರವಣಿಗೆ ಎಲ್ಲ ಅಲ್ಲಿಂದ ಹುಟ್ಟಿದ್ದು.

ಎರಡನೇ ಮುದ್ರಣಕ್ಕೆ ಓದುಗರ ಅಭಿಪ್ರಾಯಗಳನ್ನು ಸೇರಿಸಬೇಕಂತೆ, ಪ್ರಕಾಶಕರ ಆಸೆ. ನಿಮ್ಮದೂ ನಾಲ್ಕು ಸಾಲು ಬೇಕು. ಇನ್ನೊಂದು ಮಾತು. ಆ ಕಾಲದಲ್ಲಿ ನೀವು ಅದೇ ಬಡಾವಣೆಯಲ್ಲಿ ಓಡಾಡಿದವರು. ಹಳೆಯ ಗೆಳೆಯರನ್ನು ವಿಚಾರಿಸಿ, ಅಂಥ ಮನುಷ್ಯ ಯಾರ ಕಣ್ಣಿಗಾದರೂ ಬಿದ್ದಿದ್ದನೇ ಎಂದು.

ನಿಮ್ಮ ತಲೆಕೆಟ್ಟ ಭಾಮೈದ


೨೧ ಫೆಬ್ರವರಿ ೧೯೯೯

ತಮ್ಮಯ್ಯ,

ಓದಿದ್ದೇನೆ. ಎರಡು ಸಲ. ಕಾಗದ ಚೆನ್ನಾಗಿದೆ, ಅಕ್ಷರ ದಪ್ಪಗಿದೆ, ನಮ್ಮಂಥ ಕಣ್ಣಿಗೆ ಅನುಕೂಲ. ಅಲ್ಲಲ್ಲಿ ಕಾಗುಣಿತದ ತಪ್ಪುಗಳಿವೆ, ಪಟ್ಟಿ ಮಾಡಿ ಇದರ ಜೊತೆ ಇಟ್ಟಿದ್ದೇನೆ. ೧೧೨ನೇ ಪುಟದಲ್ಲಿ ಆ ಹುಡುಗಿಯ ಓಣಿಯಲ್ಲಿ ನಾಲ್ಕು ದೀಪದ ಕಂಬ ಎಂದು ಬರೆದಿದ್ದೀಯ. ಮೂರೇ ಇದ್ದದ್ದು.

ಅಭಿಪ್ರಾಯ ಬರೆಯುವಷ್ಟು ಓದಿಕೊಂಡವನು ನಾನಲ್ಲ. ಆದರೂ ಕೇಳಿದ್ದೀಯ, ಹೇಳುತ್ತೇನೆ. ಎರಡನೇ ಮುದ್ರಣದಲ್ಲಿ ಏಳನೇ ಅಧ್ಯಾಯ ಬಿಟ್ಟುಬಿಡು. ಹಳೆಯದನ್ನು ಕೆದಕಿ ಯಾರಿಗೇನು ಲಾಭ? ನನ್ನ ಜೊತೆಯವರಲ್ಲಿ ಈಗ ಉಳಿದಿರುವವರೇ ಇಬ್ಬರು. ಒಬ್ಬನಿಗೆ ಕಿವಿ ಕೇಳದು, ಇನ್ನೊಬ್ಬನಿಗೆ ನೆನಪಿಲ್ಲ. ಯಾರನ್ನು ಕೇಳಲಿ?

ನಿನ್ನ ಅಕ್ಕ ಭೂತಗನ್ನಡಿ ಹಿಡಿದು ಐದನೇ ಅಧ್ಯಾಯದವರೆಗೆ ಬಂದಿದ್ದಾಳೆ. ತಾರಸಿ ಮೇಲೆ ನೀವೆಲ್ಲ ಗಡಿಯಾರಗಳನ್ನು ಒಡೆದುಹಾಕಿದ ಭಾಗ ಓದಿ ನಕ್ಕು ನಕ್ಕು ಸಾಕಾದಳು. ಮೊಣಕಾಲು ನೋವು ಹಾಗೇ ಇದೆ.

ಭಾವ


೨ ಮಾರ್ಚ್ ೧೯೯೯

ಭಾವ,

ಅರ್ಥವಾಯಿತು ಬಿಡಿ. ಬೀಗರ ಮುಂದೆ, ಪಿಂಚಣಿ ಗೆಳೆಯರ ಮುಂದೆ ನಿಮಗೆ ತಲೆ ತಗ್ಗಿಸುವ ಹಾಗಾಗಿದೆ. “ಇವರ ಭಾಮೈದನಿಗೆ ಸ್ಕ್ರೂ ಸಡಿಲ” ಎಂದು ಯಾರೋ ಅಂದಿರಬೇಕು. ನೇರವಾಗಿ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಅದು ಬಿಟ್ಟು ಕಂಬ ಎಣಿಸಿದ್ದೀರಿ! ಕರೆಂಟಿನವರ ಬುದ್ಧಿ ಕಂಬ ಬಿಟ್ಟು ಆಚೆ ಹೋಗದು.

ಏಳನೇ ಅಧ್ಯಾಯ ಬಿಟ್ಟರೆ ನನ್ನಲ್ಲಿ ಉಳಿಯುವುದೇನು? ನನ್ನನ್ನು ನಂಬುವವರೂ ಇದ್ದಾರೆ. ಪಕ್ಕದ ಊರಿನ ಒಬ್ಬ ಗಣಿತದ ಮೇಷ್ಟರು ಹನ್ನೊಂದು ಪುಟ ಬರೆದಿದ್ದಾರೆ. ಅವರಿಗೂ ಒಬ್ಬ ಚೀಲದ ಮನುಷ್ಯ ಸಿಕ್ಕಿದ್ದಾನಂತೆ. “ನೀವು ಬರೆದ ಮೇಲೆ ಧೈರ್ಯ ಬಂತು ಸಾರ್. ಈಗ ಬಾಗಿಲಿಗೆ ಮೂರು ಬೀಗ ಹಾಕಿಸಿದ್ದೀನಿ. ಊಟ ಮೊದಲು ಹೆಂಡತಿ ತಿಂದು ತೋರಿಸಿದ ಮೇಲೇ ನಾನು ತಟ್ಟೆ ಮುಟ್ಟೋದು.” ಓದಿದಾಗ ಒಂದು ಕ್ಷಣ ಎದೆ ಧಸಕ್ಕೆಂದಿತು, ಸುಳ್ಳೇಕೆ ಹೇಳಲಿ. ಆದರೆ ಮೂವತ್ತೊಂದು ವರ್ಷ ಒಬ್ಬನೇ ಕೂಗಿದವನಿಗೆ ಇನ್ನೊಂದು ದನಿ ಕೇಳಿದರೆ ಹೇಗಾಗುತ್ತದೆ ಎಂದು ನಿಮಗೆ ಗೊತ್ತಾಗದು. ಮೇಷ್ಟರ ಪತ್ರ ಎಲ್ಲಕ್ಕಿಂತ ಮೊದಲು ಅಚ್ಚಾಗುತ್ತದೆ.

ನೀವು ಬರೆಯದಿದ್ದರೆ ಬೇಡ. ಅಕ್ಕನ ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡಿ.

ಭಾಮೈದ


೩೦ ಏಪ್ರಿಲ್ ೧೯೯೯

ತಮ್ಮಯ್ಯ,

ಎರಡು ತಿಂಗಳಲ್ಲಿ ಈ ಪತ್ರವನ್ನು ಏಳು ಸಲ ಬರೆದು ಹರಿದೆ. ಆ ಮೇಷ್ಟರ ಹೆಂಡತಿ ತಟ್ಟೆಯ ಮುಂದೆ ಕೂರುವುದು ನಾನು ಊಟಕ್ಕೆ ಕೂತಾಗಲೆಲ್ಲ ಕಣ್ಣಿಗೆ ಬರುತ್ತದೆ. ಇನ್ನು ತಡೆಯಲಾರೆ.

ಚೀಲದ ಮನುಷ್ಯ ನಾನೇ.

ಆಗ ನಾನು ನಿಮ್ಮ ಮನೆಯ ಅಳಿಯನಲ್ಲ. ತಿಂಗಳಿಗೊಮ್ಮೆ ನಿಮ್ಮ ಮನೆಯ ಮೀಟರ್ ಓದಲು ಬರುತ್ತಿದ್ದವನು. ನೀನು ಮನೆ ಬಿಟ್ಟು ಎರಡು ವಾರ ಆಗಿತ್ತು. ನಿಮ್ಮಮ್ಮ ನೀರು ಕೊಟ್ಟು, “ನೀನು ದಿನಾ ಆ ಕಡೆ ಹೋಗ್ತೀಯಲ್ಲಪ್ಪ, ನನ್ನ ಮಗ ಹೊಟ್ಟೆಗೆ ಏನಾದ್ರೂ ತಿಂತಾನೋ ಇಲ್ವೋ, ಸ್ವಲ್ಪ ನೋಡಿ ಹೇಳ್ತೀಯಾ?” ಎಂದರು. ಆ ಬಡಾವಣೆ ನನ್ನ ಪಾಲಿನ ಬೀದಿಗಳಲ್ಲೇ ಇತ್ತು. ನೋಡಿದೆ. ಹೇಳಿದೆ. ಮುಂದಿನ ವಾರವೂ ಕೇಳಿದರು. ಹೀಗೇ ಎರಡು ವರ್ಷ. ನೋಟ್‌ಬುಕ್ಕಿನಲ್ಲಿ ಇದ್ದದ್ದು ಮೀಟರಿನ ಅಂಕಿಗಳು, ತಮ್ಮಯ್ಯ. ಬೇರೇನೂ ಅಲ್ಲ.

ಆ ಹುಡುಗಿಯ ವಿಷಯವನ್ನೂ ನಾನೇ ಅಮ್ಮನ ಕಿವಿಗೆ ಹಾಕಿದೆ. ಅವರು ಹೇಳಿಕಳಿಸಿದರು, ನಾನು ಹೋಗಿ ಅವಳಿಗೆ ಹೇಳಿದೆ, ಇವನ ತಲೆ ಸರಿಯಿಲ್ಲ, ಇವನ ಸಹವಾಸ ಬೇಡ ಎಂದು. ಅವಳು ಊರು ಬಿಟ್ಟಳು. ಹಿರಿಯರ ಮಾತು ಮೀರಲಾರದೆ ಮಾಡಿದ ತಪ್ಪು. ಇಷ್ಟು ವರ್ಷ ನಿನ್ನ ಎದುರು ಕೂತು ಉಂಡಿದ್ದೇನೆ, ಒಂದು ದಿನವೂ ಬಾಯಿ ಬಿಡಲಿಲ್ಲ.

ನಿನ್ನ ಹಿಂದೆ ಯಾರೂ ಇರಲಿಲ್ಲ ಎಂದವರೆಲ್ಲ ತಪ್ಪು. ನೀನು ನೋಡಿದ್ದು ನಿಜ. ಆದರೆ ನೀನು ತಿಳಿದಷ್ಟು ದೊಡ್ಡದಲ್ಲ. ಆ ಮೇಷ್ಟರಿಗೆ ಇದನ್ನು ತಿಳಿಸು.

ಭಾವ


೬ ಮೇ ೧೯೯೯

ಭಾವ,

ಹೀಗೆ ಬರೆಯಲು ನಿಮಗೆ ಯಾರು ಹೇಳಿದರು?

ನಿಮ್ಮ ಮೇಲೆ ಒತ್ತಡವಿದ್ದರೆ ಪತ್ರದಲ್ಲಿ ಬೇಡ, ಅಕ್ಕನಿಂದ ಬೈಂಡಿಂಗ್ ಅಂಗಡಿಗೆ ಫೋನು ಮಾಡಿಸಿ. ‘ಕಾಗುಣಿತ’ ಎಂದು ಒಂದು ಪದ ಹೇಳಿದರೆ ಸಾಕು, ನನಗೆ ತಿಳಿಯುತ್ತದೆ.

ಭಾಮೈದ


೧೪ ಮೇ ೧೯೯೯

ತಮ್ಮಯ್ಯ,

ಯಾರೂ ಹೇಳಲಿಲ್ಲ. ನಂಬಿಕೆ ಬರಲಿ ಎಂದು ನಿನ್ನ ಪುಸ್ತಕದಲ್ಲಿ ಇಲ್ಲದ್ದನ್ನು ಬರೆಯುತ್ತೇನೆ.

ಕೂದಲು ಕತ್ತರಿಸಬಾರದು ಎಂದು ತಾರಸಿಯವರೆಲ್ಲ ಪಣ ತೊಟ್ಟಿದ್ದಿರಿ. ನೀನು ಕ್ಷೌರದಂಗಡಿಯ ಮುಂದೆ ನಿಂತು, ಗಾಜಿನಲ್ಲಿ ಮುಖ ನೋಡಿಕೊಂಡು, ಒಂದು ಕಾಲು ಮೆಟ್ಟಿಲ ಮೇಲಿಟ್ಟು, ವಾಪಸು ಬರುತ್ತಿದ್ದೆ. ಒಂದಲ್ಲ, ಹಲವು ಸಲ.

ಪತ್ರಿಕೆ ಯಾರೂ ಕೊಳ್ಳದ ದಿನ ನೀನು ಉಳಿದ ಕಟ್ಟನ್ನು ಲೈಬ್ರರಿಯ ಸೈಕಲ್ ಸ್ಟ್ಯಾಂಡಿನಲ್ಲಿ ಒಂದೊಂದು ಸೈಕಲ್ಲಿಗೆ ಒಂದೊಂದರಂತೆ ಸಿಕ್ಕಿಸಿ, ಗೆಳೆಯರಿಗೆ ಎಲ್ಲ ಖರ್ಚಾಯಿತು ಎಂದು ಹೇಳುತ್ತಿದ್ದೆ.

ಮೂರು ಸಲ ನೀನು ನಿಮ್ಮ ಮನೆಯ ಬೀದಿಯ ತುದಿಗೆ ಬಂದೆ. ಅಮ್ಮ ಬಟ್ಟೆ ಒಣಹಾಕುತ್ತಿದ್ದರು. ನೋಡುತ್ತ ನಿಂತೆ. ತಿರುಗಿ ಹೋದೆ. ಮೂರನೇ ಸಲ ನಿನ್ನ ಕೈಯಲ್ಲಿ ಬಟ್ಟೆಯ ಗಂಟಿತ್ತು, ಬಂದುಬಿಡಬೇಕೆಂದೇ ಹೊರಟಿದ್ದೆ ಅನ್ನಿಸುತ್ತದೆ.

ಇದನ್ನು ನಾನು ಅಮ್ಮನಿಗೆ ಹೇಳಲಿಲ್ಲ.

ಭಾವ


೨೦ ಜುಲೈ ೧೯೯೯

ಭಾವ,

ನಿಮ್ಮ ಕಳೆದ ಪತ್ರ ಓದಿ ಎರಡು ತಿಂಗಳು ಪೆನ್ನು ಮುಟ್ಟಲಿಲ್ಲ. ಫೋನು ಬಂದರೆ ನಾನಿಲ್ಲ ಎಂದು ಹೇಳಿಸಿದೆ. ಬಟ್ಟೆಯ ಗಂಟಿನ ವಿಷಯ ನನಗೂ ಆ ಬೀದಿಗೂ ಬಿಟ್ಟು ಇನ್ನೊಂದು ಜೀವಕ್ಕೆ ಗೊತ್ತಿರಲು ಸಾಧ್ಯವಿಲ್ಲ. ನಂಬಿದ್ದೇನೆ.

ನನಗೆ ದೊಡ್ಡ ಶತ್ರುವಿದ್ದ, ಭಾವ. ಮೂವತ್ತೊಂದು ವರ್ಷ ಅವನಿಗೆ ಹೆದರಿ, ಅವನ ಜೊತೆ ಗುದ್ದಾಡಿ, ಅವನಿಂದಲೇ ಒಂದು ಬೆಲೆ ಬಂದಿತ್ತು ನನಗೆ. ಈಗ ನೋಡಿದರೆ ಅವನು ಮೀಟರ್ ಓದುವವನು, ಅವನ ಹಿಂದೆ ಸೆರಗಿಗೆ ಕೈ ಒರೆಸಿಕೊಳ್ಳುವ ನನ್ನಮ್ಮ. ಬೆಟ್ಟ ಅಗೆದು ಇಲಿ ಹಿಡಿದಂತಾಯಿತು. ಆ ಇಲಿ ನನ್ನ ಬಾಳನ್ನೇ ಕಡಿದು ಹಾಕಿತ್ತು ಎನ್ನುವುದು ಬೇರೆ ಮಾತು.

ನಿಮ್ಮ ಮೇಲೆ ಸಿಟ್ಟಿಲ್ಲ ಎಂದರೆ ಸುಳ್ಳಾದೀತು. ಆದರೆ ನೀವು ಹೇಳಿದ್ದನ್ನು ಮಾಡಿದವರು. ಹೇಳಿದವಳು ಅಮ್ಮ. ಸಾಯುವ ಹಿಂದಿನ ವಾರ ನನ್ನ ತಲೆ ಸವರಿ, “ನಿನಗೊಂದು ಜೊತೆ ನೋಡ್ಲಿಲ್ಲವಲ್ಲೋ ನಾನು” ಎಂದು ಅತ್ತಳು. ಎಂಥ ನಾಟಕ! ಅವಳ ಪಟ ಗೋಡೆಯಿಂದ ಇಳಿಸಿ ಮಂಚದ ಕೆಳಗೆ ತಳ್ಳಿದ್ದೇನೆ.

ಏಳನೇ ಅಧ್ಯಾಯ ಪೂರ್ತಿ ಹೊಸದಾಗಿ ಬರೆಯುತ್ತಿದ್ದೇನೆ. ಹೆಸರು ‘ಅಮ್ಮನ ಪಿತೂರಿ’. ಪ್ರಕಾಶಕರು ಕುಣಿದಾಡುತ್ತಿದ್ದಾರೆ. ಇದೇ ಪುಸ್ತಕದ ಪ್ರಾಣ ಎನ್ನುತ್ತಾರೆ. ಮುಂದಿನ ತಿಂಗಳು ಅಚ್ಚಿಗೆ ಹೋಗುತ್ತದೆ. ಅಕ್ಕನಿಗೆ ನೀವೇ ಮೆಲ್ಲಗೆ ತಿಳಿಸಿ.

ಭಾಮೈದ


೨೬ ಜುಲೈ ೧೯೯೯

ತಮ್ಮಯ್ಯ,

ಅಚ್ಚಿಗೆ ಕೊಡಬೇಡ. ಪಟವನ್ನು ಮೊದಲು ಮಂಚದ ಕೆಳಗಿನಿಂದ ತೆಗೆ. ಆಮೇಲೆ ಈ ಪತ್ರ ಓದು.

ಏಪ್ರಿಲ್‌ನಲ್ಲಿ ಬರೆದದ್ದರಲ್ಲಿ ಅರ್ಧವೇ ನಿಜ. ಸತ್ತವರು ಎದ್ದು ಬಂದು ಇಲ್ಲವೆನ್ನುವುದಿಲ್ಲವಲ್ಲ, ಅದಕ್ಕೇ ಹೊರೆಯನ್ನು ಅಮ್ಮನ ಹೆಗಲಿಗೆ ದಾಟಿಸಿದೆ. ಆ ಹುಡುಗಿಯ ವಿಷಯ ಹೇಳಿದಾಗ ಅವರು ಅಂದದ್ದು ಇಷ್ಟು: “ಆ ಹುಡುಗೀನ ಒಂದ್ಸಲ ಮನೆಗೆ ಬಂದು ಹೋಗು ಅಂತ ಹೇಳಪ್ಪ. ಯಾರೋ ಏನೋ, ನಾನೂ ನೋಡ್ತೀನಿ. ಅವಳು ಕರೆದ್ರೆ ಇವನೂ ಬರಬಹುದು.”

ನಾನು ಹೊತ್ತುಕೊಂಡು ಹೋದ ಮಾತು ಅದು. ಹೇಳಿದ್ದು ಅದಲ್ಲ.

ಎರಡು ವರ್ಷ ನಿನ್ನ ಸುದ್ದಿ ತಂದಾಗಲೆಲ್ಲ ನೀರಿನ ಲೋಟ ಹಿಡಿದು ಬರುತ್ತಿದ್ದವಳು ನಿನ್ನ ಅಕ್ಕ. ಮೊದಮೊದಲು ನೀನು ಮನೆಗೆ ಬರುವುದು ನನಗೇ ಬೇಕಿರಲಿಲ್ಲ. ನೀನು ಬಂದರೆ ನನಗೆ ಆ ಮನೆಯಲ್ಲಿ ಏನು ಕೆಲಸ? ಬೀದಿಯ ತುದಿಗೆ ಬಂದದ್ದನ್ನು ಅದಕ್ಕೇ ಮುಚ್ಚಿಟ್ಟೆ. ಆಮೇಲೆ ಅವಳನ್ನು ಕೇಳುವ ಧೈರ್ಯ ಮಾಡಿದೆ. ಅಮ್ಮ ಒಪ್ಪಿದರು, ಆದರೆ “ಇವನು ಒಂದು ದಾರಿಗೆ ಬರ್ಲಿ, ಆಮೇಲೆ ಇವಳ ಮದುವೆ” ಎಂದರು. ನೀನು ದಾರಿಗೆ ಬರುವುದು ನನಗೆ ಬೇಗ ಬೇಕಾಯಿತು. ಆ ಹುಡುಗಿ ಇರುವತನಕ ನೀನು ತಾರಸಿ ಬಿಡುವುದಿಲ್ಲ ಎಂದು ನನ್ನ ಲೆಕ್ಕ.

ಅವಳು ಅಂಗಳದಲ್ಲಿ ಬೋರ್ಡು ಬರೆಯುತ್ತ ಕೂತಿದ್ದಳು, ಯಾವುದೋ ಔಷಧಿ ಅಂಗಡಿಯದು. ನಾನು ಹೇಳಿದೆ: “ಅವರ ಮನೆತನದಲ್ಲೇ ಹುಚ್ಚಿದೆ. ಡಾಕ್ಟರು ಬರೆದುಕೊಟ್ಟಿದ್ದಾರೆ. ಇವತ್ತಲ್ಲ ನಾಳೆ ನಿಮಗೇ ಏನಾದ್ರೂ ಮಾಡ್ತಾನೆ.” ಯಾವ ಡಾಕ್ಟರೂ ಏನೂ ಬರೆದಿರಲಿಲ್ಲ. ಅವಳು ಕುಂಚವನ್ನು ಡಬ್ಬಿಯಲ್ಲಿ ಇಟ್ಟು, “ನೀವು ಯಾರು?” ಎಂದಳು. “ಅವರ ಮನೆಯವನು” ಎಂದೆ. ಆಗಿನ್ನೂ ಆಗಿರಲಿಲ್ಲ. ಆಮೇಲೆ ಅವಳು ಇನ್ನೂ ಒಂದು ಮಾತು ಕೇಳಿದಳು: “ಅದಕ್ಕೇನಾ ಅವರು ನಡೀವಾಗ ಯಾವಾಗ್ಲೂ ಹಿಂದೆ ತಿರುಗಿ ನೋಡೋದು?” ಹೌದು ಎಂದೆ. ನೀನು ತಿರುಗಿ ನೋಡುತ್ತಿದ್ದದ್ದು ನನ್ನನ್ನು.

ಅಮ್ಮನಿಗೆ ಬಂದು, “ಅವಳು ಬರಲ್ಲ ಅಂದಳು” ಎಂದು ಹೇಳಿದೆ.

ಅವಳು ಹೋದ ಮೇಲೆ ನೀನು ತಾರಸಿ ಬಿಟ್ಟೆ. ಐದು ತಿಂಗಳಿಗೆ ನನ್ನ ಮದುವೆಯಾಯಿತು. ನೀನು ಒಂದು ಮೂಲೆಯಲ್ಲಿ ಬೋಳು ತಲೆಯಲ್ಲಿ ಕೂತಿದ್ದೆ. ನಾನು ಹತ್ತಿರ ಬಂದಾಗ ಎದ್ದು ನಿಂತು, “ನಮ್ಮಕ್ಕನ್ನ ಚೆನ್ನಾಗಿ ನೋಡ್ಕೊಳ್ಳಿ” ಎಂದೆ. ನನ್ನ ಸಂಸಾರ, ನನ್ನ ಮಕ್ಕಳು, ದಿನಾ ಉಣ್ಣುವ ಅನ್ನ, ಎಲ್ಲದರ ಅಡಿಗಲ್ಲು ಆ ಸುಳ್ಳು.

ನಿನ್ನ ಅಕ್ಕನಿಗೆ ನಿನ್ನೆ ಹೇಳಿದೆ. ಬೀನ್ಸ್ ಬಿಡಿಸುತ್ತಿದ್ದಳು. ಕೈ ನಿಂತಿತು. “ಅಮ್ಮ ಆವತ್ತು ಆ ಹುಡುಗಿ ಬರ್ತಾಳೆ ಅಂತ ಕುರ್ಚಿಗೆಲ್ಲ ಒಗೆದ ಬಟ್ಟೆ ಹಾಕಿ, ಅವಳಿಗೆ ಕೊಡೋಕೆ ನನ್ನ ಹೊಸ ಸೀರೆ ತೆಗೆದಿಟ್ಟು, ಸಂಜೆವರೆಗೂ ಬಾಗಿಲಲ್ಲಿ ಕಾದಿದ್ರು. ಅದು ಗೊತ್ತಾ ನಿಮಗೆ?” ಎಂದಳು. ಗೊತ್ತಿರಲಿಲ್ಲ. ಅವಳ ಹಾಸಿಗೆ ಈಗ ಹೊರಗಿನ ಕೋಣೆಯಲ್ಲಿದೆ.

ಏಳನೇ ಅಧ್ಯಾಯಕ್ಕೆ ಹೆಸರು ಬೇಕಿದ್ದರೆ ನನ್ನದು ಇಡು. ಅಮ್ಮನದು ಬೇಡ. ಆ ಹುಡುಗಿಯನ್ನು ಹುಡುಕಿಕೊಡು ಎಂದರೆ ಈ ವಯಸ್ಸಿನಲ್ಲೂ ಊರೂರು ಅಲೆಯುತ್ತೇನೆ.

ಭಾವ


೧೯ ಸೆಪ್ಟೆಂಬರ್ ೧೯೯೯

ಭಾವ,

ನಿಮ್ಮ ಪತ್ರಕ್ಕೆ ಉತ್ತರ ಬರೆಯಬಾರದು ಎಂದೇ ಇದ್ದೆ. ಪಟವನ್ನು ಮತ್ತೆ ಗೋಡೆಗೆ ಹಾಕಿ, ಅದರ ಎದುರು ಕೂತು, ನಿಮ್ಮನ್ನು ಬಾಯಿಗೆ ಬಂದಂತೆ ಬೈದೆ. ಕೆಳಗಿನ ಬೈಂಡಿಂಗಿನವನು ಹೆದರಿ ಮೇಲೆ ಬಂದ. ಎರಡನೇ ಮುದ್ರಣ ನಿಲ್ಲಿಸಿದ್ದೇನೆ. ಪ್ರಕಾಶಕರು ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಹುಡುಗಿಯನ್ನು ಹುಡುಕುವುದು ಬೇಡ. ಅವಳ ಬೆನ್ನಿಗೆ ಯಾರೂ ಬೀಳುವುದು ಬೇಡ. ಒಂದು ಸಾಲಿದೆಯಲ್ಲ ನಿಮ್ಮ ಪತ್ರದಲ್ಲಿ, ಹಿಂದೆ ತಿರುಗಿ ನೋಡುವ ಬಗ್ಗೆ ಅವಳು ಕೇಳಿದ್ದು. ಅದನ್ನು ಓದಿ ಮುಂದಕ್ಕೆ ಹೋಗಲು ನನಗೆ ಮೂರು ದಿನ ಬೇಕಾಯಿತು.

ಕಳೆದ ವಾರ ಗಣಿತದ ಮೇಷ್ಟರ ಮನೆಗೆ ಹೋದೆ. ಮೂರು ಬೀಗ ಈಗ ಐದಾಗಿವೆ. ಒಳ್ಳೆಯ ಮನುಷ್ಯ, ತುಂಬ ಮರ್ಯಾದೆ. ನನ್ನ ಪುಸ್ತಕದ ಪುಟಪುಟಕ್ಕೂ ಕೆಂಪು ಗೆರೆ. ನಾನು ಎಲ್ಲ ಹೇಳಿದೆ, ಚೀಲದವನು ನನ್ನ ಭಾವ, ನಡೆದದ್ದು ಹೀಗೆ ಎಂದು. ಅವರು ಮೆಲ್ಲಗೆ ನಕ್ಕು, ದನಿ ತಗ್ಗಿಸಿ ಕೇಳಿದರು: “ಹೀಗೆ ಹೇಳೋಕೆ ನಿಮಗೆ ಯಾರು ಹೇಳಿದ್ರು ಸಾರ್?”

ಊಟ ಮಾಡದೆ ಏಳಗೊಡಲಿಲ್ಲ. ಅವರ ಹೆಂಡತಿ ಬಂದು ಗಂಡನ ತಟ್ಟೆಯಿಂದ ಎರಡು ತುತ್ತು, ನನ್ನ ತಟ್ಟೆಯಿಂದ ಎರಡು ತುತ್ತು ತಿಂದು, ನುಂಗಿ, ಬಾಯಿ ತೆರೆದು ತೋರಿಸಿದರು. ಅಭ್ಯಾಸವಾಗಿಹೋಗಿದೆ, ನಾಚಿಕೆಯೂ ಇಲ್ಲ. ಹೊರಡುವಾಗ ಗೇಟಿನವರೆಗೆ ಬಂದು ಹೇಳಿದರು: “ನಿಮ್ಮ ಪುಸ್ತಕ ಬರೋಕೆ ಮುಂಚೆ ಸಾರಿಗೆ ಉಪ್ಪಿಲ್ಲ ಅಂತ ದಿನಾ ಬೈತಿದ್ರು ಸಾರ್. ಆ ಬೈಗುಳ ಎಷ್ಟು ಚೆನ್ನಾಗಿತ್ತು ಅಂತ ಈಗ ಗೊತ್ತಾಗ್ತಿದೆ.”

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಕಿವಿಯಲ್ಲಿ. ನೀವು ಒಬ್ಬಳಿಗೆ ಸುಳ್ಳು ಹೇಳಿದಿರಿ. ನಾನು ಎರಡು ಸಾವಿರ ಪ್ರತಿ ಅಚ್ಚು ಹಾಕಿಸಿದೆ. ಹನ್ನೊಂದು ಪುಟದ ಆ ಪತ್ರ ಬಂದ ದಿನವೇ ನಾನು ಅವರ ಬಾಗಿಲು ತಟ್ಟಬೇಕಿತ್ತು. ತಟ್ಟಲಿಲ್ಲ. ಹೆಮ್ಮೆಪಟ್ಟೆ. ಎದೆ ಧಸಕ್ಕೆಂದದ್ದನ್ನೂ ನಿಮಗೆ ಬರೆದು, ಮುಂದಿನ ಸಾಲಿನಲ್ಲೇ ಅದನ್ನು ದಾಟಿ ಹೋದೆ.

ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ಬರೆಯಲು ಪೆನ್ನು ಏಳುತ್ತಿಲ್ಲ. ಅದನ್ನು ಕೇಳಲೂ ಬೇಡಿ. ಒಂದು ಕೆಲಸವಿದೆ, ಅದಕ್ಕೆ ಬನ್ನಿ. ಬರುವ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ, ನನ್ನ ಜೊತೆ ಮೇಷ್ಟರ ಮನೆಗೆ. ನನ್ನ ಮಾತು ಅವರು ನಂಬುವುದಿಲ್ಲ. ಚೀಲದ ಮನುಷ್ಯನೇ ಎದುರು ಬಂದು ನಿಂತರೆ, ಅವನಿಗೂ ಮೊಣಕಾಲು ನೋಯುವ ಹೆಂಡತಿ, ಪಿಂಚಣಿ, ಮುಪ್ಪು ಎಲ್ಲ ಇದೆ ಎಂದು ಕಂಡರೆ, ಒಂದು ಬೀಗವಾದರೂ ಕಡಿಮೆಯಾದೀತೇನೋ. ಆಗದೆಯೂ ಇರಬಹುದು. ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ.

ಅಲ್ಲಿ ನನಗೆ ಬರೆದ ಹಾಗೇ ಎಲ್ಲ ಹೇಳಬೇಕು, ಅಂಗಳ, ಬೋರ್ಡು, ಡಾಕ್ಟರು, ಏನನ್ನೂ ಬಿಡದೆ. ಅಳಬೇಡಿ. ಅತ್ತರೆ ನಾಟಕ ಎಂದುಕೊಳ್ಳುತ್ತಾರೆ.

ತಮ್ಮಯ್ಯ


೨೪ ಸೆಪ್ಟೆಂಬರ್ ೧೯೯೯

ತಮ್ಮಯ್ಯ,

ಆ ಭಾನುವಾರ ಮೊದಲ ಬಸ್ಸಿಗೇ ಬರುತ್ತೇನೆ. ನಿನ್ನ ಕೋಣೆಗೆ ಬರಬಹುದೋ ಬಾರದೋ ನೀನು ಬರೆದಿಲ್ಲ. ಬಸ್ ಸ್ಟ್ಯಾಂಡಿನಲ್ಲೇ ಇರುತ್ತೇನೆ. ಅಳುವುದಿಲ್ಲ. ಎಷ್ಟು ಸಲ ಹೋಗಬೇಕೆಂದರೂ ಹೋಗೋಣ. ಈಗ ನನಗೆ ಬೇರೆ ಕೆಲಸವಿಲ್ಲ.

ನಿನ್ನ ಪತ್ರವನ್ನು ಅಕ್ಕನ ಹಾಸಿಗೆಯ ಪಕ್ಕ ಇಟ್ಟು ಬಂದೆ. ಎರಡು ತಿಂಗಳಿಂದ ಊಟ ಬಡಿಸುತ್ತಾಳೆ, ಮಾತಿಲ್ಲ. ಇವತ್ತು ಬೆಳಿಗ್ಗೆ ನಾನು ಅಂಗಿಗೆ ಇಸ್ತ್ರಿ ಹಾಕುತ್ತಿದ್ದಾಗ ಬಾಗಿಲಲ್ಲಿ ನಿಂತು, “ಆ ಹೆಂಗಸಿನ ಮನೆಗೆ ಬರಿಗೈಲಿ ಹೋಗ್ಬೇಡಿ, ಏನಾದ್ರೂ ತಗೊಂಡು ಹೋಗಿ” ಎಂದು ಹೇಳಿ ಒಳಗೆ ಹೋದಳು.

ಆಗಿನಿಂದ ಯೋಚಿಸುತ್ತಿದ್ದೇನೆ. ತಿನ್ನುವುದನ್ನು ಒಯ್ಯುವಂತಿಲ್ಲ. ಒಯ್ದರೆ ಅದನ್ನೂ ಅವರೇ ಮೊದಲು ತಿಂದು ತೋರಿಸಬೇಕಾಗುತ್ತದೆ. ಆ ಮನೆಗೆ ನಾನು ಏನು ತೆಗೆದುಕೊಂಡು ಹೋಗಲಿ? ನಿನಗೇನಾದರೂ ಹೊಳೆದರೆ ಬರೆ.

ಭಾವ